ಚಾರ್ಲ್ಸ್‌ಟನ್ ನಗರದ ವಸಂತೋತ್ಸವಗಳು: ಒಂದು ಐತಿಹಾಸಿಕ ವಿವೇಚನೆ

1. ವಿಷಯಪ್ರವೇಶ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಹಳೆಯ ನಗರಗಳ ಪೈಕಿ ಚಾರ್ಲ್ಸ್‌ಟನ್ ಒಂದು. ದಕ್ಷಿಣ ಕ್ಯಾರೊಲಿನ ಸಂಸ್ಥಾನದ ಕಡಲ ತೀರದಲ್ಲಿ, ಆಶ್ಲಿ ಮತ್ತು ಕೂಪರ್ ಎಂಬ ಎರಡು ನದಿಗಳ ನಡುವೆ ನಾಲಗೆಯಂತೆ ಚಾಚಿಕೊಂಡಿರುವ ನೆಲದ ಮೇಲೆ ಈ ಪಟ್ಟಣವು ಬೆಳೆದುಬಂದಿದೆ. 1670ರಲ್ಲಿ ಇಂಗ್ಲಿಷ್ ವಲಸೆಗಾರರು ಈ ಸೀಮೆಯಲ್ಲಿ ನೆಲಸಿದರು. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನ ಹೆಸರಿನಿಂದ ಊರು ಚಾರ್ಲ್ಸ್ ಟೌನ್ ಎನಿಸಿಕೊಂಡಿತು. ಸ್ವಾತಂತ್ರ್ಯಯುದ್ಧವು ಮುಗಿದ ತರುವಾಯ, 1783ರಲ್ಲಿ, ಈಗಿನ ಹೆಸರು ಬಂದಿತು.

ಮಾರ್ಚಿ ತಿಂಗಳಿನಿಂದ ಜೂನ್ ತಿಂಗಳ ಮೊದಲ ಭಾಗದವರೆಗೆ ಈ ನಗರಕ್ಕೆ ಪ್ರವಾಸಿಗಳು ತಂಡೋಪತಂಡವಾಗಿ ಬರುತ್ತಾರೆ. ಮೊದಲು ನದೀತೀರದ ತೋಟಗಳಲ್ಲಿ ಅಝೇಲಿಯ ಹೂಗಳು ಅರಳುತ್ತವೆ. ಅದೇ ಸಮಯದಲ್ಲಿ ಹಳೆಯ ಮನೆಗಳ ಬಾಗಿಲುಗಳು ಸಂದರ್ಶಕರಿಗೆ ತೆರೆಯುತ್ತವೆ. ಕೂಪರ್ ನದಿಯ ಸೇತುವೆಯ ಮೇಲೆ 1978ರಿಂದ 10 ಕಿಲೋಮೀಟರಿನ ಓಟದ ಸ್ಪರ್ಧೆಯೊಂದು ನಡೆದುಬಂದಿದೆ. ಮೇ ತಿಂಗಳ ಕೊನೆಗೆ ಸ್ಪೊಲೆಟೊ ಕಲಾ ಉತ್ಸವವು ಆರಂಭವಾಗಿ 17 ದಿನಗಳವರೆಗೆ ಊರನ್ನೆಲ್ಲ ಸಂಗೀತ, ನಾಟಕ, ನೃತ್ಯಗಳಿಂದ ತುಂಬುತ್ತದೆ. ಪ್ರವಾಸಿಗೆ ಇವೆಲ್ಲ ಋತುವಿನ ಸಹಜವಾದ ಶೋಭೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ: ನಗರವೊಂದು ತನ್ನ ಅತಿಥಿಗಳಿಗೆಂದು ಉತ್ಸವವನ್ನು ಏರ್ಪಡಿಸುವಾಗ ತನ್ನ ಗತಕಾಲದಲ್ಲಿ ಯಾವುದನ್ನು ತೋರಿಸುತ್ತದೆ, ಯಾವುದನ್ನು ಮರೆಮಾಡುತ್ತದೆ?

ಈ ಪ್ರಶ್ನೆಗೆ ಉತ್ತರವನ್ನು ಅರಸಲು ನಾವು ಇಲ್ಲಿ ಒಂದು ಸುಲಭವಾದ ಮಾರ್ಗವನ್ನು ಹಿಡಿದಿದ್ದೇವೆ. ನಗರದ ಉತ್ತರ ಭಾಗದಲ್ಲಿ ಹ್ಯಾಂಪ್ಟನ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. ಈ ಒಂದೇ ನೆಲದ ಮೇಲೆ ಸುಮಾರು ಎರಡು ಶತಮಾನಗಳಿಗೂ ಮಿಕ್ಕಿದ ಅವಧಿಯಲ್ಲಿ ಬಗೆಬಗೆಯ ಉತ್ಸವಗಳು ಒಂದರ ಮೇಲೊಂದು ಪದರಗಳಾಗಿ ಕುಳಿತಿವೆ. ಆ ಪದರಗಳನ್ನು ಕ್ರಮವಾಗಿ ಬಿಡಿಸಿದರೆ ನಗರದ ವಸಂತೋತ್ಸವಗಳ ಒಟ್ಟು ಚರಿತ್ರೆಯೇ ಗೋಚರಿಸುತ್ತದೆ.

2. ಕುದುರೆಪಂದ್ಯದ ವಾರ

ಚಾರ್ಲ್ಸ್‌ಟನ್ನಿನ ಐಶ್ವರ್ಯಕ್ಕೆ ಮೂಲವಾದವು ಬತ್ತ, ನೀಲಿ ಮತ್ತು ಹತ್ತಿ. ಇವನ್ನು ಬೆಳೆದವರು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು ಮತ್ತು ಅವರ ಸಂತತಿಯವರು. ಉತ್ತರ ಅಮೆರಿಕಕ್ಕೆ ಗುಲಾಮರಾಗಿ ಬಂದ ಆಫ್ರಿಕನರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಜನರು ಈ ಬಂದರಿನ ಮೂಲಕವೇ ಬಂದರೆಂದು ವಿದ್ವಾಂಸರ ಅಂದಾಜು. 1860ರ ಜನಗಣತಿಯಂತೆ ದಕ್ಷಿಣ ಕ್ಯಾರೊಲಿನದ 7,03,708 ನಿವಾಸಿಗಳಲ್ಲಿ 4,02,406 ಮಂದಿ ಗುಲಾಮರಾಗಿದ್ದರು. ಈ ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಇಲ್ಲಿನ ಯಾವ ಉತ್ಸವವನ್ನೂ ಸರಿಯಾಗಿ ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ.

ಭೂಮಾಲಿಕರ ವರ್ಷಕ್ಕೆ ಅದರದೇ ಆದ ಒಂದು ಲಯವಿದ್ದಿತು. ಬೇಸಗೆಯಲ್ಲಿ ಬತ್ತದ ಗದ್ದೆಗಳ ಸುತ್ತ ಮಲೇರಿಯ ಹಬ್ಬುತ್ತಿದ್ದುದರಿಂದ ಅವರು ಕಡಲಗಾಳಿಯ ಆಸರೆಗಾಗಿ ನಗರದ ಮನೆಗಳಿಗೆ ಬರುತ್ತಿದ್ದರು. ದುಡಿಯುವವರು ಮಾತ್ರ ಗದ್ದೆಗಳಲ್ಲಿಯೇ ಉಳಿಯುತ್ತಿದ್ದರು. ಚಳಿ ಇಳಿಯತೊಡಗುವ ಫೆಬ್ರವರಿಯಲ್ಲಿ ಅವರು ಇನ್ನೊಮ್ಮೆ ನಗರದಲ್ಲಿ ನೆರೆಯುತ್ತಿದ್ದರು. ಅದು ಕುದುರೆಪಂದ್ಯದ ವಾರ. 1792ರಲ್ಲಿ ಸಿದ್ಧವಾದ ವಾಷಿಂಗ್ಟನ್ ಪಂದ್ಯದ ಮೈದಾನವೇ ಇಂದಿನ ಹ್ಯಾಂಪ್ಟನ್ ಪಾರ್ಕಿನ ನೆಲ. ಈಗ ಉದ್ಯಾನವನ್ನು ಸುತ್ತುವ ರಸ್ತೆಯು ಹೆಚ್ಚುಕಡಿಮೆ ಅಂದಿನ ಒಂದು ಮೈಲಿಯ ಅಂಡಾಕಾರದ ಪಥವನ್ನೇ ಅನುಸರಿಸುತ್ತದೆ. ಪಂದ್ಯದ ವಾರದಲ್ಲಿ ನ್ಯಾಯಾಲಯಗಳು ಕಲಾಪವನ್ನು ಮುಂದೂಡುತ್ತಿದ್ದುವೆಂದೂ, ಶಾಲೆಗಳಿಗೆ ಬಿಡುವು ದೊರೆಯುತ್ತಿದ್ದಿತೆಂದೂ ಆ ಕಾಲದ ಬರಹಗಳಿಂದ ತಿಳಿದುಬರುತ್ತದೆ. ದೂರದೂರದ ತೋಟಗಳಿಂದ ಬಂದ ಕುಟುಂಬಗಳಿಗೆ ಔತಣಗಳು, ನೃತ್ಯಕೂಟಗಳು ನಡೆಯುತ್ತಿದ್ದುವು. ಮದುವೆಯ ಮಾತುಕತೆಗಳೂ ಅಲ್ಲಿಯೇ ಕುದುರುತ್ತಿದ್ದುವು. ಕುದುರೆಗಳನ್ನು ಸಾಕಿ, ಪಳಗಿಸಿ, ಪಂದ್ಯದಲ್ಲಿ ಓಡಿಸುತ್ತಿದ್ದವರಾದರೋ ಬಹುಮಟ್ಟಿಗೆ ಗುಲಾಮರೇ. ಗೆಲುವಿನ ಕೀರ್ತಿ ಒಡೆಯನಿಗೆ ಸಲ್ಲುತ್ತಿದ್ದಿತು.

ಈ ವೈಭವಕ್ಕೆ ತೆರೆ ಬಿದ್ದುದೂ ಒಂದು ವಸಂತದಲ್ಲಿಯೇ. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನಲ್ಲಿರುವ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡುಹಾರಿಸಿದುದರಿಂದ ಅಮೆರಿಕದ ಅಂತರ್ಯುದ್ಧವು ಆರಂಭವಾಯಿತು. ಈ ಗುಂಡಿನ ಸದ್ದು ಕನ್ನಡನಾಡಿಗೂ ಮುಟ್ಟಿತೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯ ಬೀಜ ಧಾರವಾಡ ಸೀಮೆಯಲ್ಲಿ ಬೇರೂರಿ 'ಧಾರವಾಡ ಅಮೆರಿಕನ್' ಎಂಬ ಹೆಸರನ್ನು ಪಡೆದಿದ್ದಿತು. ಉತ್ತರದ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುಚ್ಚಿದ ಮೇಲೆ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆಗೆ ತಿರುಗಿದುವು. ಧಾರವಾಡದ ಎರೆಭೂಮಿಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಆ ಬೆಲೆ ಇಳಿದುಹೋಯಿತು.

3. 1865ರ ಮೇ 1

ಯುದ್ಧದ ಕೊನೆಯ ವರ್ಷದಲ್ಲಿ ದಕ್ಷಿಣದ ಸೇನೆಯು ಪಂದ್ಯದ ಮೈದಾನವನ್ನು ಬಯಲು ಸೆರೆಮನೆಯನ್ನಾಗಿ ಮಾಡಿಕೊಂಡಿತು. ಸೆರೆಸಿಕ್ಕಿದ ಉತ್ತರದ ಸೈನಿಕರು ನೆರಳಿಲ್ಲದೆ, ರೋಗಕ್ಕೆ ಔಷಧವಿಲ್ಲದೆ ನವೆದರು. ಕಡೆಯ ಪಕ್ಷ 257 ಮಂದಿ ಸತ್ತರು. ಅವರ ಹೆಣಗಳನ್ನು ಪ್ರೇಕ್ಷಕರ ಅಟ್ಟಣೆಯ ಹಿಂದೆ ಅವಸರದಲ್ಲಿ ಹೂಳಲಾಯಿತು. 1865ರ ಫೆಬ್ರವರಿಯಲ್ಲಿ ದಕ್ಷಿಣದ ಸೇನೆಯು ನಗರವನ್ನು ಬಿಟ್ಟುಹೋಯಿತು. ಬಿಳಿಯ ಕುಟುಂಬಗಳಲ್ಲಿ ಅನೇಕವು ಅದಕ್ಕೆ ಮೊದಲೇ ಊರು ತೊರೆದಿದ್ದುವು. ಉಳಿದವರಲ್ಲಿ ಹೆಚ್ಚಿನವರು ಆಗತಾನೆ ಬಿಡುಗಡೆ ಹೊಂದಿದ ಕಪ್ಪು ಜನರು.

ಆ ಏಪ್ರಿಲಿನಲ್ಲಿ 28 ಮಂದಿ ಕಪ್ಪು ಕೆಲಸಗಾರರು ಮೈದಾನಕ್ಕೆ ಹೋಗಿ, ಹೆಣಗಳನ್ನು ಸಾಲಾಗಿ ಮರ್ಯಾದೆಯಿಂದ ಮತ್ತೆ ಹೂಳಿ, ಸುತ್ತಲೂ ಬೇಲಿ ಕಟ್ಟಿ ಸುಣ್ಣ ಬಳಿದರು. ಬಾಗಿಲ ಕಮಾನಿನ ಮೇಲೆ 'ಪಂದ್ಯದ ಮೈದಾನದ ಹುತಾತ್ಮರು' ಎಂಬರ್ಥದ ಬರಹವನ್ನು ಬರೆದರು. ಮೇ 1ರಂದು ಸುಮಾರು 10,000 ಜನರು ಅಲ್ಲಿ ಸೇರಿದರು. ಮುಂದೆ ಸುಮಾರು 3,000 ಶಾಲಾಮಕ್ಕಳು ಗುಲಾಬಿ ಹೂಗಳನ್ನು ಹಿಡಿದು ಹಾಡುತ್ತ ನಡೆದರು. ಓದುಬರಹವು ನಿನ್ನೆಯವರೆಗೆ ಕಾನೂನಿನಿಂದಲೇ ನಿಷಿದ್ಧವಾಗಿದ್ದ ಜನಾಂಗದ ಮಕ್ಕಳು ಇವರು ಎಂಬುದನ್ನು ವಾಚಕರು ಗಮನಿಸಬೇಕು. ಅವರ ಹಿಂದೆ ಹೂವಿನ ಬುಟ್ಟಿಗಳನ್ನೂ ಹಾರಗಳನ್ನೂ ಹೊತ್ತ ಹೆಂಗಸರು, ಅವರ ಹಿಂದೆ ಗಂಡಸರು, ಬಳಿಕ ಸೈನಿಕರು. ಸಮಾಧಿಗಳ ನೆಲವೆಲ್ಲ ಹೂವಿನಿಂದ ಮುಚ್ಚಿಹೋಯಿತು. ಪ್ರಾರ್ಥನೆ, ಭಾಷಣಗಳು ಮುಗಿದ ಮೇಲೆ ಜನರು ಮೈದಾನದಲ್ಲಿ ಬುತ್ತಿ ಬಿಚ್ಚಿ ಉಂಡರು. ಕಪ್ಪು ಸೈನಿಕರ ದಳಗಳು ಕವಾಯತು ಮಾಡಿದುವು.

ಅಮೆರಿಕದಲ್ಲಿ ಯುದ್ಧದಲ್ಲಿ ಮಡಿದವರನ್ನು ಸ್ಮರಿಸುವ ದಿನವು ಈಗ ಮೇ ತಿಂಗಳ ಕೊನೆಯ ಸೋಮವಾರದಂದು ನಡೆಯುತ್ತದೆ. ಅದರ ಮೂಲವನ್ನು ಹೇಳುವಾಗ ಸೇನಾನಿ ಜಾನ್ ಲೋಗನ್ 1868ರಲ್ಲಿ ಹೊರಡಿಸಿದ ಆಜ್ಞೆಯನ್ನು ಉಲ್ಲೇಖಿಸುವುದು ವಾಡಿಕೆ. ನ್ಯೂಯಾರ್ಕ್ ಸಂಸ್ಥಾನದ ವಾಟರ್ಲೂ ಎಂಬ ಊರು ತನ್ನ 1866ರ ಆಚರಣೆಯನ್ನು ಆಧಾರವಾಗಿಟ್ಟುಕೊಂಡು ಈ ಹಬ್ಬದ ಜನ್ಮಸ್ಥಾನವೆಂಬ ಸರ್ಕಾರಿ ಮನ್ನಣೆಯನ್ನು 1966ರಲ್ಲಿ ಪಡೆಯಿತು. ಚಾರ್ಲ್ಸ್‌ಟನ್ನಿನ ಆಚರಣೆಯಾದರೋ ಇವೆರಡಕ್ಕಿಂತಲೂ ಹಿಂದಿನದು. ಪ್ರತಿಯೊಂದು ಊರೂ ಚಾರ್ಲ್ಸ್‌ಟನ್ನನ್ನು ನೋಡಿಯೇ ಈ ಹಬ್ಬವನ್ನು ಕಲಿಯಿತೆಂದು ಹೇಳಲು ಆಧಾರ ಸಾಲದು. ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಮುಂಚಿತವಾಗಿ ಇದು ನಡೆಯಿತೆಂಬ ಮಾತು ಗಟ್ಟಿಯಾದುದು.

ಹೀಗಿದ್ದರೂ ಈ ಘಟನೆಯು ನಗರದ ನೆನಪಿನಿಂದ ಪೂರ್ತಿಯಾಗಿ ಅಳಿಸಿಹೋದುದು ಹೇಗೆ? 1876ರ ಚುನಾವಣೆಯ ತರುವಾಯ ದಕ್ಷಿಣದ ಸೇನಾನಿಯಾಗಿದ್ದ ವೇಡ್ ಹ್ಯಾಂಪ್ಟನ್ ಸಂಸ್ಥಾನದ ಗವರ್ನರನಾದನು. ಕಪ್ಪು ಜನರ ರಾಜಕೀಯ ಹಕ್ಕುಗಳು ಒಂದೊಂದಾಗಿ ಕಸಿದುಹೋದುವು. ಮೈದಾನದಲ್ಲಿದ್ದ ಕಳೇಬರಗಳನ್ನು ಬ್ಯೂಫರ್ಟ್ ಮೊದಲಾದ ಕಡೆಗಳ ರಾಷ್ಟ್ರೀಯ ರುದ್ರಭೂಮಿಗಳಿಗೆ ಸಾಗಿಸಲಾಯಿತು. ಬೇಲಿಯೂ ಕಮಾನೂ ಇಲ್ಲವಾದುವು. 1916ರಲ್ಲಿ ಹೊರಗಿನವರೊಬ್ಬರು ಪತ್ರ ಬರೆದು ಇಂತಹ ಆಚರಣೆ ನಡೆದುದು ನಿಜವೇ ಎಂದು ವಿಚಾರಿಸಿದಾಗ, ಅಧಿಕೃತವಾದ ಯಾವ ಮಾಹಿತಿಯೂ ದೊರೆಯಲಿಲ್ಲವೆಂಬ ಚುಟುಕು ಉತ್ತರವು ನಗರದಿಂದ ಹೋಯಿತು. ಆದರೆ 1865ರ ವೃತ್ತಪತ್ರಿಕೆಗಳಲ್ಲಿ ವರದಿಗಳು ಅಚ್ಚಾಗಿಯೇ ಇದ್ದುವು. ಕಾಗದವು ಉಳಿದಿದ್ದರೂ ನೆನಪು ಉಳಿದಿರಲಿಲ್ಲ.

4. ಹೂವಿನ ತೋಟಗಳು, ಹಳೆಯ ಮನೆಗಳು

ಅದೇ ಮೈದಾನದ ಮೇಲೆ 1901ರ ಡಿಸೆಂಬರಿನಿಂದ 1902ರ ವಸಂತದ ಕೊನೆಯವರೆಗೆ ಒಂದು ದೊಡ್ಡ ವಸ್ತುಪ್ರದರ್ಶನವು ನಡೆಯಿತು. ವೆಸ್ಟ್ ಇಂಡೀಸ್ ದ್ವೀಪಗಳೊಡನೆ ವ್ಯಾಪಾರವನ್ನು ಬೆಳೆಸಿ, ಸೊರಗಿದ್ದ ಬಂದರಿಗೆ ಜೀವ ತುಂಬುವುದು ಅದರ ಉದ್ದೇಶ. ಏಪ್ರಿಲಿನಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಂದುಹೋದನು. ಕಪ್ಪು ಜನರಿಗೆಂದು ಪ್ರತ್ಯೇಕವಾದ ಕಟ್ಟಡವೊಂದಿದ್ದಿತು. ಅದರ ಮುಂದೆ ನಿಲ್ಲಿಸಿದ ಶಿಲ್ಪವು ತಮ್ಮನ್ನು ಕೂಲಿಗಳಾಗಿ ಮಾತ್ರ ಚಿತ್ರಿಸಿದೆಯೆಂದು ಕಪ್ಪು ಮುಖಂಡರು ಆಕ್ಷೇಪಿಸಿದರು. ಶಿಲ್ಪವನ್ನು ಬೇರೆಡೆಗೆ ಸಾಗಿಸಬೇಕಾಯಿತು. ಪ್ರದರ್ಶನದಿಂದ ಲಾಭವಾಗಲಿಲ್ಲ. ಅದು ಮುಗಿದ ಮೇಲೆ ನೆಲದ ಒಂದು ಭಾಗವು ಉದ್ಯಾನವಾಯಿತು. ಆ ಏಪ್ರಿಲಿನಲ್ಲಿಯೇ ತೀರಿಕೊಂಡಿದ್ದ ವೇಡ್ ಹ್ಯಾಂಪ್ಟನನ ಹೆಸರು ಅದಕ್ಕೆ ಬಂದಿತು. ಪಂದ್ಯದ ಮೈದಾನದ ಹಳೆಯ ಬಾಗಿಲ ಕಂಬಗಳು ನ್ಯೂಯಾರ್ಕಿನ ಬೆಲ್ಮಾಂಟ್ ಪಂದ್ಯದ ಮೈದಾನಕ್ಕೆ ಕಾಣಿಕೆಯಾಗಿ ಹೋದುವು.

ವ್ಯಾಪಾರವು ಕೊಡದಿದ್ದ ಭಾಗ್ಯವನ್ನು ಹೂಗಳು ಕೊಟ್ಟುವು. ಆಶ್ಲಿ ನದಿಯ ದಂಡೆಯಲ್ಲಿರುವ ಮ್ಯಾಗ್ನೋಲಿಯ ತೋಟದ ಒಡೆಯನಾದ ಪಾದ್ರಿ ಜಾನ್ ಗ್ರಿಮ್ಕೆ ಡ್ರೇಟನ್, ಯುದ್ಧದ ಬಳಿಕ ಆಸ್ತಿಯನ್ನು ಉಳಿಸಿಕೊಳ್ಳುವುದಕ್ಕಾಗಿ 1870ರ ಸುಮಾರಿಗೆ ತನ್ನ ತೋಟವನ್ನು ಪ್ರವಾಸಿಗಳಿಗೆ ತೆರೆದನು. ವಸಂತದಲ್ಲಿ ಉಗಿದೋಣಿಗಳು ಜನರನ್ನು ನಗರದಿಂದ ಅಲ್ಲಿಗೆ ಕರೆದೊಯ್ಯುತ್ತಿದ್ದುವು. ಅವನು ನೆಡಿಸಿದ ಅಝೇಲಿಯಕ್ಕೆ ಸಸ್ಯಶಾಸ್ತ್ರದಲ್ಲಿ 'ಇಂಡಿಕ' ಎಂಬ ವಿಶೇಷಣವಿದ್ದರೂ ಆ ಗಿಡದ ಮೂಲ ಪೂರ್ವ ಏಷ್ಯ. ಗುಲಾಮಗಿರಿಯ ವಿರುದ್ಧ ಹೋರಾಡಿ ಹೆಸರಾದ ಸಾರಾ ಮತ್ತು ಏಂಜೆಲಿನ ಗ್ರಿಮ್ಕೆ ಸೋದರಿಯರು ಈತನ ಸೋದರತ್ತೆಯರು ಎಂಬುದು ಸ್ವಾರಸ್ಯಕರವಾದ ಸಂಗತಿ. ಸಮೀಪದ ಮಿಡಲ್‌ಟನ್ ತೋಟದ ಮೆಟ್ಟಿಲು ಮೆಟ್ಟಿಲಾದ ಹುಲ್ಲುಹಾಸುಗಳನ್ನು 1741ರಿಂದ ಮುಂದಕ್ಕೆ ನೂರು ಮಂದಿ ಗುಲಾಮರು ಹತ್ತು ವರ್ಷ ದುಡಿದು ನಿರ್ಮಿಸಿದರೆಂದು ಪ್ರತೀತಿಯಿದೆ.

1920 ಮತ್ತು 1930ರ ದಶಕಗಳಲ್ಲಿ ಪ್ರವಾಸೋದ್ಯಮವು ಒಂದು ವ್ಯವಸ್ಥಿತ ರೂಪವನ್ನು ತಾಳಿತು. 1920ರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಮೊದಲಾದವರು ಹಳೆಯ ಮನೆಗಳ ರಕ್ಷಣೆಗಾಗಿ ಸಂಘವನ್ನು ಕಟ್ಟಿದರು. 1929ರಲ್ಲಿ ಕೂಪರ್ ನದಿಗೆ ಸೇತುವೆಯಾದುದರಿಂದ ಮೋಟಾರಿನಲ್ಲಿ ಬರುವವರಿಗೆ ದಾರಿ ಸುಗಮವಾಯಿತು. 1931ರಲ್ಲಿ ನಗರಸಭೆಯು ಹಳೆಯ ಬಡಾವಣೆಯ ರೂಪವನ್ನು ಕಾಪಾಡುವ ಕಟ್ಟಳೆಯನ್ನು ಜಾರಿಗೆ ತಂದಿತು. ಇಂತಹ ಕಟ್ಟಳೆ ಆ ದೇಶದಲ್ಲಿ ಅದೇ ಮೊದಲನೆಯದು. 1934ರಲ್ಲಿ ಅಝೇಲಿಯ ಉತ್ಸವವು ಆರಂಭವಾಯಿತು. ಬೀದಿಯಲ್ಲಿ ಮೀನು, ತರಕಾರಿಗಳನ್ನು ಮಾರುವ ಕಪ್ಪು ವ್ಯಾಪಾರಿಗಳ ಕೂಗಿನ ಸ್ಪರ್ಧೆಯೂ ಅದರ ಒಂದು ಆಕರ್ಷಣೆ. ಹಳೆಯ ಭೂಮಾಲಿಕ ಮನೆತನಗಳ ಬಿಳಿಯರು 1922ರಲ್ಲಿ ಸಂಘವೊಂದನ್ನು ಸ್ಥಾಪಿಸಿಕೊಂಡು, ತಾವು ಬಾಲ್ಯದಲ್ಲಿ ಕೇಳಿದ್ದ ಗುಲಾಮರ ಭಕ್ತಿಗೀತೆಗಳನ್ನು ಪ್ರವಾಸಿಗಳ ಮುಂದೆ ಹಾಡುತ್ತಿದ್ದರು.

ಈ ಯತ್ನಗಳನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ಸರಿಯಲ್ಲ. ಕಟ್ಟಡಗಳು ಉಳಿದುವು, ಗೀತೆಗಳಲ್ಲಿ ಕೆಲವಾದರೂ ದಾಖಲೆಗೆ ಬಂದುವು. 1947ರಲ್ಲಿ ಸ್ಥಾಪಿತವಾದ ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಷನ್ ಸಂಸ್ಥೆಯು ವಸಂತಕಾಲದ ಮನೆ-ತೋಟಗಳ ಸಂದರ್ಶನವನ್ನು ಏರ್ಪಡಿಸಿ, ಅದರಿಂದ ಬಂದ ಹಣವನ್ನು ರಕ್ಷಣೆಯ ಕಾರ್ಯಕ್ಕೆ ವಿನಿಯೋಗಿಸಿತು. ಶಿಥಿಲವಾದ ಮನೆಯನ್ನು ಕೊಂಡು, ನಿಬಂಧನೆಗಳೊಡನೆ ಮಾರಿ, ಬಂದ ಹಣದಿಂದ ಮತ್ತೊಂದನ್ನು ಕೊಳ್ಳುವ ಆವರ್ತನಿಧಿಯ ಪದ್ಧತಿಯು 1950ರ ದಶಕದ ಕೊನೆಯಲ್ಲಿ ಆನ್ಸನ್‌ಬರೋ ಬಡಾವಣೆಯಲ್ಲಿ ಆರಂಭವಾಗಿ ಇತರ ನಗರಗಳಿಗೂ ಮಾದರಿಯಾಯಿತು. ಆದರೆ ಮನೆಗಳ ಬೆಲೆ ಏರಿದುದರಿಂದ ಅಲ್ಲಿ ಬಾಡಿಗೆಗೆ ವಾಸವಾಗಿದ್ದ ಬಡ ಕಪ್ಪು ಕುಟುಂಬಗಳು ಬೇರೆಡೆಗೆ ಹೋಗಬೇಕಾಯಿತು. ಪ್ರವಾಸಿಗೆ ತೋರಿಸುತ್ತಿದ್ದ ನಗರದಲ್ಲಿ ಒಡೆಯರ ಪಡಸಾಲೆಯಿದ್ದಿತು. ಹಿತ್ತಲಿನ ಅಡುಗೆಮನೆಯ ಮೇಲಂತಸ್ತಿನಲ್ಲಿ ಮಲಗುತ್ತಿದ್ದವರ ಮಾತು ಬರುತ್ತಿರಲಿಲ್ಲ. ಬಂದರೂ ಅವರು 'ಸೇವಕರು' ಆಗಿರುತ್ತಿದ್ದರು.

ಇದಕ್ಕೆ ಒಂದು ಒಳ್ಳೆಯ ನಿದರ್ಶನವು ರಂಗಭೂಮಿಯಲ್ಲಿ ದೊರೆಯುತ್ತದೆ. ಚಾರ್ಲ್ಸ್‌ಟನ್ನಿನವನೇ ಆದ ಡುಬೋಸ್ ಹೇವರ್ಡ್ 1925ರಲ್ಲಿ ಆ ನಗರದ ಕಪ್ಪು ಜನರ ಕೇರಿಯನ್ನು ಕುರಿತು 'ಪೋರ್ಗಿ' ಕಾದಂಬರಿಯನ್ನು ಬರೆದನು. ಅದನ್ನು ಆಧರಿಸಿ ಜಾರ್ಜ್ ಗರ್ಶ್ವಿನ್ ರಚಿಸಿದ 'ಪೋರ್ಗಿ ಅಂಡ್ ಬೆಸ್' ಸಂಗೀತನಾಟಕವು 1935ರಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿತು. ಜನಾಂಗ ಪ್ರತ್ಯೇಕತೆಯ ಕಟ್ಟುಪಾಡುಗಳು ಅಡ್ಡಬಂದುದರಿಂದ, ಕಥೆ ನಡೆಯುವ ನಗರದಲ್ಲಿ ಅದು ಪ್ರದರ್ಶಿತವಾದುದು 1970ರಲ್ಲಿ, ಮೂವತ್ತೈದು ವರ್ಷಗಳ ಅನಂತರ.

5. ಸ್ಪೊಲೆಟೊ ಉತ್ಸವ

ಸಂಗೀತಕಾರ ಜಾನ್ ಕಾರ್ಲೊ ಮೆನೊಟ್ಟಿ 1958ರಲ್ಲಿ ಇಟಲಿಯ ಸ್ಪೊಲೆಟೊ ಪಟ್ಟಣದಲ್ಲಿ 'ಎರಡು ಜಗತ್ತುಗಳ ಉತ್ಸವ'ವನ್ನು ಆರಂಭಿಸಿದ್ದನು. ಅದಕ್ಕೆ ಅಮೆರಿಕದಲ್ಲಿ ಜೊತೆಯೊಂದನ್ನು ಹುಡುಕುತ್ತ ಅವನು ಚಾರ್ಲ್ಸ್‌ಟನ್ನನ್ನು ಆರಿಸಿಕೊಂಡನು. ಕಾಲ್ನಡಿಗೆಯಲ್ಲಿಯೇ ಸುತ್ತಬಹುದಾದ ಚಿಕ್ಕ ಊರು, ಹಳೆಯ ಚರ್ಚುಗಳು, ನಾಟಕಮಂದಿರಗಳು ಅದಕ್ಕೆ ಅನುಕೂಲವಾಗಿದ್ದುವು. ಡಾಕ್ ಸ್ಟ್ರೀಟ್ ನಾಟಕಮಂದಿರವನ್ನೇ ತೆಗೆದುಕೊಂಡರೆ, ಅದರ ಮೂಲ ಕಟ್ಟಡವು 1736ರಲ್ಲಿ ತೆರೆದಿದ್ದಿತು. ಈಗಿರುವ ರಂಗಮಂದಿರವು ಅದೇ ನಿವೇಶನದಲ್ಲಿ 1937ರಲ್ಲಿ ತೆರೆಯಿತು. 1977ರ ಮೇ ತಿಂಗಳಿನಲ್ಲಿ ಮೊದಲ ಉತ್ಸವ ಜರುಗಿತು. ಮೇಯರ್ ಜೋಸೆಫ್ ರೈಲಿ ಅದರ ದೊಡ್ಡ ಬೆಂಬಲಿಗನಾಗಿದ್ದನು. 1979ರಿಂದ ಪಿಕೊಲೊ ಸ್ಪೊಲೆಟೊ ಎಂಬ ಜೊತೆ ಉತ್ಸವವು ಸ್ಥಳೀಯ ಕಲಾವಿದರಿಗೆ ವೇದಿಕೆಯಾಯಿತು. ಅದರ ಸಮಾರೋಪದ ಕಾರ್ಯಕ್ರಮಗಳು ನಡೆದುಬಂದಿರುವುದು ಹ್ಯಾಂಪ್ಟನ್ ಪಾರ್ಕಿನ ಹುಲ್ಲುಹಾಸಿನ ಮೇಲೆ. ಹೀಗೆ ಹಳೆಯ ಮೈದಾನವು ಮತ್ತೊಮ್ಮೆ ಉತ್ಸವದ ನೆಲೆಯಾಯಿತು.

ಕಲೆಯನ್ನು ಕರೆತಂದ ನಗರಕ್ಕೆ ಕಲಾವಿದರು ಕೇಳುವ ಪ್ರಶ್ನೆಗಳನ್ನು ತಡೆಯುವುದು ಸಾಧ್ಯವಾಗಲಿಲ್ಲ. 1991ರ ಉತ್ಸವದಲ್ಲಿ ಮೇರಿ ಜೇನ್ ಜೇಕಬ್ ಏರ್ಪಡಿಸಿದ 'ಪ್ಲೇಸಸ್ ವಿತ್ ಎ ಪಾಸ್ಟ್' ಎಂಬ ಪ್ರದರ್ಶನದಲ್ಲಿ ಕಲಾವಿದರು ಗ್ಯಾಲರಿಯನ್ನು ಬಿಟ್ಟು ನಗರದ ಮನೆ, ಬೀದಿ, ಹಳೆಯ ಕಟ್ಟಡಗಳಲ್ಲಿಯೇ ಕೃತಿಗಳನ್ನು ನಿರ್ಮಿಸಿದರು. ಗುಲಾಮಗಿರಿಯ ಗತಕಾಲವು ಅವುಗಳಲ್ಲಿ ಹಲವಕ್ಕೆ ವಸ್ತುವಾಯಿತು. 2022ರ ಮೇ ತಿಂಗಳಿನಲ್ಲಿ ರಿಯಾನನ್ ಗಿಡನ್ಸ್ ಮತ್ತು ಮೈಕೆಲ್ ಏಬಲ್ಸ್ ರಚಿಸಿದ 'ಒಮರ್' ಸಂಗೀತನಾಟಕದ ಮೊದಲ ಪ್ರದರ್ಶನವು ಇಲ್ಲಿಯೇ ನಡೆಯಿತು. ಪಶ್ಚಿಮ ಆಫ್ರಿಕದ ವಿದ್ವಾಂಸನಾಗಿದ್ದು 1807ರಲ್ಲಿ ಗುಲಾಮನಾಗಿ ಚಾರ್ಲ್ಸ್‌ಟನ್ನಿಗೆ ಬಂದ ಒಮರ್ ಇಬ್ನ್ ಸಯೀದ್ ಅದರ ನಾಯಕ. 1831ರಲ್ಲಿ ಅವನು ಅರಬ್ಬೀ ಭಾಷೆಯಲ್ಲಿ ಬರೆದ ಆತ್ಮಕಥೆಯು ಅದಕ್ಕೆ ಆಧಾರ. 2023ರಲ್ಲಿ ಈ ಕೃತಿಗೆ ಸಂಗೀತಕ್ಕೆ ಸಲ್ಲುವ ಪುಲಿಟ್ಜರ್ ಬಹುಮಾನವು ದೊರೆಯಿತು.

6. ಮರಳಿ ಬಂದ ನೆನಪು

1865ರ ಮೇ 1ರ ಕಥೆಯು ಬೆಳಕಿಗೆ ಬಂದುದು ಇತಿಹಾಸಕಾರನೊಬ್ಬನ ಪರಿಶ್ರಮದಿಂದ. 1990ರ ದಶಕದಲ್ಲಿ ಡೇವಿಡ್ ಬ್ಲೈಟ್ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ ಮಾಜಿ ಸೈನಿಕರ ಕಾಗದಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ಈ ಮೆರವಣಿಗೆಯ ಸುಳಿವು ಸಿಕ್ಕಿತು. ಆ ಸುಳಿವನ್ನು ಹಿಡಿದು ಅವರು ಅಂದಿನ ಪತ್ರಿಕೆಗಳ ವರದಿಗಳನ್ನು ಹುಡುಕಿ ತೆಗೆದರು. 2001ರಲ್ಲಿ ಪ್ರಕಟವಾದ 'ರೇಸ್ ಅಂಡ್ ರಿಯೂನಿಯನ್' ಗ್ರಂಥದಲ್ಲಿ ಅದರ ವಿವರಗಳಿವೆ. 2010ರಲ್ಲಿ ಹ್ಯಾಂಪ್ಟನ್ ಪಾರ್ಕಿನಲ್ಲಿ ಇದರ ಸ್ಮಾರಕಫಲಕವು ಸ್ಥಾಪಿತವಾಯಿತು. 2014ರಲ್ಲಿ ಅದೇ ಉದ್ಯಾನದಲ್ಲಿ ಡೆನ್ಮಾರ್ಕ್ ವೀಸಿಯ ಪ್ರತಿಮೆಯು ಎದ್ದಿತು. ಈತ ಲಾಟರಿಯಲ್ಲಿ ಗೆದ್ದ ಹಣದಿಂದ ತನ್ನ ಬಿಡುಗಡೆಯನ್ನು ಕೊಂಡುಕೊಂಡ ಬಡಗಿ. 1822ರಲ್ಲಿ ಗುಲಾಮರ ದಂಗೆಯನ್ನು ಯೋಜಿಸಿದನೆಂದು ಅವನನ್ನೂ ಇತರ 34 ಮಂದಿಯನ್ನೂ ಗಲ್ಲಿಗೇರಿಸಿದ್ದರು. ಆ ಭೀತಿಯ ಫಲವಾಗಿ ಕಟ್ಟಿದ ಶಸ್ತ್ರಾಗಾರದಿಂದಲೇ ಬೆಳೆದ ಸಿಟಡೆಲ್ ಸೈನಿಕ ವಿದ್ಯಾಲಯವು 1922ರಿಂದ ಈ ಉದ್ಯಾನದ ಪಕ್ಕದಲ್ಲಿಯೇ ಇದೆ.

ಈ ಬದಲಾವಣೆಗಳು ಸುಲಭವಾಗಿ ಬಂದುವಲ್ಲ. 2015ರ ಜೂನ್ 17ರಂದು, ವೀಸಿಯ ಹೆಸರಿನೊಡನೆ ಹೆಣೆದುಕೊಂಡಿರುವ ಎಮ್ಯಾನ್ಯುಯಲ್ ಚರ್ಚಿನಲ್ಲಿ ಬಿಳಿಯ ಜನಾಂಗದ್ವೇಷಿಯೊಬ್ಬನು ಪ್ರಾರ್ಥನೆಗೆ ಕುಳಿತಿದ್ದ ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದನು. ಆ ವರ್ಷದ ಉತ್ಸವವು ಮುಗಿದು ಕೆಲವೇ ದಿನಗಳಾಗಿದ್ದುವು. 2018ರಲ್ಲಿ ನಗರಸಭೆಯು ಗುಲಾಮಗಿರಿಯಲ್ಲಿ ತನಗಿದ್ದ ಪಾಲಿಗಾಗಿ ಕ್ಷಮೆ ಕೋರುವ ನಿರ್ಣಯವನ್ನು ಅಂಗೀಕರಿಸಿತು. 2020ರಲ್ಲಿ ಗುಲಾಮಗಿರಿಯ ಸಮರ್ಥಕನಾಗಿದ್ದ ಜಾನ್ ಕ್ಯಾಲ್ಹೂನನ ಪ್ರತಿಮೆಯನ್ನು ಚೌಕದಿಂದ ಇಳಿಸಲಾಯಿತು. 2023ರ ಜೂನ್‌ನಲ್ಲಿ ಗುಲಾಮರ ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಧಕ್ಕೆಯ ಜಾಗದಲ್ಲಿ ಅಂತಾರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯವು ತೆರೆಯಿತು. ಆ ನೆಲವನ್ನು ಮುಚ್ಚದಿರಲೆಂದು ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಮ್ಯಾಗ್ನೋಲಿಯ ತೋಟದಲ್ಲಿಯೂ ಅಝೇಲಿಯದ ಜೊತೆಗೆ ಗುಲಾಮರ ಗುಡಿಸಲುಗಳನ್ನು ಈಗ ತೋರಿಸುತ್ತಾರೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಉತ್ಸವದ ಪಂಚಾಂಗವನ್ನು ಋತುವು ಗೊತ್ತುಮಾಡುತ್ತದೆಯಾದರೂ ಅದರ ಅರ್ಥವನ್ನು ಗೊತ್ತುಮಾಡುವವರು ಆಯಾ ಕಾಲದಲ್ಲಿ ಅಧಿಕಾರವುಳ್ಳವರು. ಒಂದೇ ಮೈದಾನದಲ್ಲಿ ಅದೇ ಹೂಗಳು ಒಮ್ಮೆ ಹುತಾತ್ಮರ ಸಮಾಧಿಯನ್ನು ಮುಚ್ಚಿದುವು; ಇನ್ನೊಮ್ಮೆ ಆ ಸಮಾಧಿಯ ನೆನಪನ್ನೇ ಮುಚ್ಚಿದುವು. ಎರಡನೆಯದಾಗಿ, ಜನರ ನೆನಪು ಅಳಿದರೂ ಬರಹದ ಸಾಕ್ಷ್ಯವು ಎಲ್ಲಿಯೋ ಉಳಿದಿರುವ ಸಂಭವವುಂಟು. ಅದನ್ನು ಹುಡುಕುವ ಕೆಲಸವು ಇತಿಹಾಸಕಾರನದು. ಉತ್ಸವದ ಕಾರ್ಯಕ್ರಮಪಟ್ಟಿ, ವೃತ್ತಪತ್ರಿಕೆಯ ವರದಿ, ಮಾರ್ಗದರ್ಶಿ ಪುಸ್ತಿಕೆ ಇವು ಶಾಸನಗಳಷ್ಟೇ ಬೆಲೆಯುಳ್ಳ ಆಕರಗಳೆಂಬುದನ್ನು ನಮ್ಮ ಜಾತ್ರೆ, ರಥೋತ್ಸವ, ದಸರಾಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳೂ ಮನಗಾಣಬೇಕು. ರಥದ ಮೇಲೆ ಕುಳಿತವರ ಹೆಸರುಗಳು ನಮಗೆ ಸುಲಭವಾಗಿ ದೊರೆಯುತ್ತವೆ. ಹಗ್ಗ ಹಿಡಿದವರ ಹೆಸರುಗಳನ್ನು ಕಾಗದಪತ್ರಗಳಲ್ಲಿ ಅರಸಬೇಕಾಗುತ್ತದೆ.

ಮೇ ತಿಂಗಳ ಕೊನೆಯಲ್ಲಿ ಚಾರ್ಲ್ಸ್‌ಟನ್ನಿಗೆ ಹೋಗುವ ಪ್ರವಾಸಿಯು ಸಂಗೀತವನ್ನು ಕೇಳಲಿ, ತೋಟಗಳನ್ನು ನೋಡಲಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮುಂಜಾನೆಯನ್ನು ಹ್ಯಾಂಪ್ಟನ್ ಪಾರ್ಕಿಗಾಗಿ ತೆಗೆದಿಟ್ಟು, ಅಂಡಾಕಾರದ ಆ ರಸ್ತೆಯಲ್ಲಿ ಒಂದು ಸುತ್ತು ನಡೆದು ಬಂದರೆ ಆ ನಗರದ ವಸಂತವು ಅವನಿಗೆ ಪೂರ್ಣವಾಗಿ ತಿಳಿಯುತ್ತದೆ. ಆ ಸುತ್ತಿನ ದೂರವು ಒಂದು ಮೈಲಿ ಮಾತ್ರ.